ಸಹಾಯ ಬೇಕು: ತೋಟದ ಏರಿಗೆ ಜಿಮ್ನಿನಾ, ಥಾರಾ?

ನಮಸ್ಕಾರ. ಕೊಡಗಿನ ನಾಪೋಕ್ಲು ಕಡೆ ನಮ್ಮ ಕಾಫಿ ತೋಟ. ಮನೆಗೆ ಹೋಗುವ ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ಏರು. ಜುಲೈ ಬಂದರೆ ಅದು ರಸ್ತೆ ಅಲ್ಲ, ತೋಡು. ನನ್ನ ಹಳೆಯ ಹ್ಯಾಚ್‌ಬ್ಯಾಕನ್ನು ಈ ಸಲ ಮೂರು ಬಾರಿ ಜೀಪು ಕಟ್ಟಿ ಎಳೆಸಿದ್ದೇನೆ. ಚೈನ್ ಕಟ್ಟಿ ನೋಡಿದೆ, ಟೈರ್ ಬದಲಾಯಿಸಿದೆ, ಪ್ರಯೋಜನ ಇಲ್ಲ.

ಕಾರಿನ ಹುಚ್ಚು ಚಿಕ್ಕಂದಿನಿಂದಲೂ ಇದೆ. ಹಾಗಾಗಿ ಮನೆಯವರು ನನ್ನ ಲೆಕ್ಕ ನಂಬುವುದಿಲ್ಲ, ಅದು ಬೇರೆ ವಿಷಯ!

ಈಗ ಫೋರ್ ವೀಲ್ ಡ್ರೈವ್ ಗಾಡಿ ತಗೊಳ್ಳೋಣ ಅಂತ ಮಾರುತಿ ಜಿಮ್ನಿ, ಮಹೀಂದ್ರ ಥಾರ್ ಎರಡನ್ನೂ ಓಡಿಸಿ ನೋಡಿದೆ, ಆದರೆ ಒಣ ಟಾರ್ ರಸ್ತೆಯಲ್ಲಿ. ಜಿಮ್ನಿಯ ಅಗಲ 1,645 ಮಿಲಿಮೀಟರ್, ಮೂರು ಬಾಗಿಲಿನ ಥಾರ್‌ನದು 1,820. ನಮ್ಮ ಗೇಟಿನ ತಿರುವಿಗೆ ಜಿಮ್ನಿಯೇ ಸರಿ. ತೂಕವೂ ಕಡಿಮೆ. ಜಿಮ್ನಿಯಲ್ಲೂ ಫೋರ್ ವೀಲ್ ಡ್ರೈವ್ ಥಾರ್‌ನಲ್ಲೂ ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇದೆ. ಆದರೆ ಜಿಮ್ನಿಯಲ್ಲಿ 1.5 ಲೀಟರ್ ಪೆಟ್ರೋಲ್ ಮಾತ್ರ. ನಾಲ್ಕು ಜನ, ಜೊತೆಗೆ ಎರಡು ಮೂಟೆ ಗೊಬ್ಬರ ಇದ್ದರೆ ಆ ಕೆಸರಿನ ಏರನ್ನು ಹತ್ತುತ್ತಾ? ಇಲ್ಲೇ ಸಿಕ್ಕಿಕೊಂಡಿದ್ದೇನೆ.

ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜಿಮ್ನಿ ಓಡಿಸುವವರು ಯಾರಾದರೂ ಇದ್ದೀರಾ? ಲೋಡ್ ಇದ್ದಾಗ ಲೋ ರೇಂಜ್‌ನಲ್ಲಿ ಪೆಟ್ರೋಲ್ ಸಾಕಾಗುತ್ತಾ, ಅಥವಾ ಡೀಸೆಲ್ ಥಾರೇ ಬೇಕಾ? ಯಾವ ಟೈರ್ ಹಾಕಿದ್ದೀರಿ ಅಂತಲೂ ತಿಳಿಸಿ.