ನರ್ಸರಿಯವರನ್ನ ಕೇಳ್ರಿ: ಈ ವಾರ ಕಣಗಿಲೆ

ಅಡ್ಮಿನ್: ಗಂಗಾವತಿ ನರ್ಸರಿ ಅಣ್ಣಾರು ಇವತ್ತು ರಾತ್ರಿ ಒಂಬತ್ತರತನಕ ಇರ್ತಾರ. ಕಣಗಿಲೆ ಗುರುತು, ಕಡ್ಡಿ ಹಚ್ಚೋದು, ಏನಿದ್ರೂ ಕೇಳ್ರಿ. ಗುಡ್ ಮಾರ್ನಿಂಗ್ ಫೋಟೊ ಹಾಕಬ್ಯಾಡ್ರಿ.

ಮಾನ್ವಿ ಅಕ್ಕ: ಅಣ್ಣಾರ, ಕಾಂಪೌಂಡ್ ಬಾಜು ಹಳದಿ ಹೂವಿನ ಗಿಡ ತಾನ ಹುಟ್ಟ್ಯಾದ. ಯಾರೂ ನೀರು ಹಾಕಿಲ್ಲ, ಆದ್ರೂ ಈ ಬಿಸಿಲಾಗ ಹೂ ಬಿಟ್ಟಾದ. ಇದು ಕಣಗಿಲೆ ಹೌದಲ್ಲೋ?

ನರ್ಸರಿ ಅಣ್ಣ: ಫೋಟೊದಾಗ ಹೂ ಅಷ್ಟ ಐತ್ರಿ, ಎಲೆ ಬೇಕು. ಹೂ ನೋಡಿ ಗುರುತು ಹಿಡಿಯಾಕ ಹೋದ್ರ ಮೋಸ ಹೋಗ್ತೀರಿ. ಒಂದು ಗಿಣ್ಣಿಗೆ ಮೂರ್ಮೂರು ಎಲೆ ಸುತ್ತ ಕುಂತಿದ್ರ, ದಪ್ಪ, ನಡು ನರ ಎದ್ದು ಕಾಣ್ತಿದ್ರ ಅದು ಕಣಗಿಲೆ. ಅದ್ರ ಕಾಯಿ ಉದ್ದ, ಒಣಗಿ ಸೀಳಿದ್ರ ಕೂದಲಿರೋ ಬೀಜ. ಎಲೆ ಇನ್ನೂ ಸಪೂರ, ಒಂದೊಂದಾ ಬಂದು, ಮುರಿದ್ರ ಬಿಳಿ ಹಾಲು ಸುರಿದ್ರ, ಮೂಲೆ ಮೂಲೆ ಇರೋ ಹಸಿರು ಕಾಯಿ ಬಲಿತು ಕರ್ರಗ ಆದ್ರ ಅದು ಕಾಡುಕಣಗಿಲೆ. ಎರಡೂ ವಿಷ. ಇನ್ನು ಎಲೆ ಅಂಚು ಗರಗಸದಂಗ, ಬೇವಿನ ಎಲೆಯಂಗ ಜೋಡಿ ಜೋಡಿ, ಕಾಯಿ ಸಣ್ಣ ನುಗ್ಗಿಕಾಯಿಯಂಗ ಇದ್ರ ಅದು ಟೆಕೋಮಾ, ಅದಕ್ಕ ಅಂಜಬ್ಯಾಡ್ರಿ.

ಬಳ್ಳಾರಿ ಸದಸ್ಯರು: ನಮ್ ಕಡೆ ಇದಕ್ಕೆ ಗನ್ನೇರು ಅಂತಾರೆ. ಹಳದೀದು ಪಚ್ಚಗನ್ನೇರು.

ಲಿಂಗಸುಗೂರು ಮೇಷ್ಟ್ರು: ಅದು ತೆಲುಗು ರೀ. ಕನ್ನಡದಾಗ ಕಣಗಿಲೆ, ಕಣಗಿಲು ಅಂತಾರ. ಸಂಸ್ಕೃತದಾಗ ಕರವೀರ.

ಬಳ್ಳಾರಿ ಸದಸ್ಯರು: ನಮ್ಮಜ್ಜಿ ಕನ್ನಡದೋಳೇ ಸಾರ್, ಅವಳೇ ಗನ್ನೇರು ಅಂತಿದ್ಳು. ಎಲ್ಲಾದಕ್ಕೂ ಪಾಠ ಮಾಡ್ಬೇಡಿ.

ಸಿರುಗುಪ್ಪ ರೈತ: ನಮ್ದು ಕಾಲುವೆ ಕೆಳಗಿನ ಹೊಲ, ಚೌಳು ಐತೆ, ಬದುದಾಗ ಕಣಗಿಲೆ ಬರ್ತೈತಾ? ಕಡ್ಡಿ ಯಾವಾಗ ಹಚ್ಚಬೇಕು?

ನರ್ಸರಿ ಅಣ್ಣ: ಬರ್ತೈತಿ. ಚೌಳು, ಬಿಸಿಲು, ಧೂಳು ಎಲ್ಲಾ ತಡೀತೈತಿ, ಅದಕ್ಕ ಹೈವೇ ನಡುವ ಹಚ್ತಾರ. ಆದ್ರ ನೇರ ಎರಿ ಮಣ್ಣಿಗೆ ಕಡ್ಡಿ ಚುಚ್ಚಬ್ಯಾಡ್ರಿ, ನೀರು ನಿಂತು ಬುಡ ಕೊಳೀತೈತಿ. ಮಳಿ ಶುರುವಾದ ಮ್ಯಾಲೆ, ಎಳೇದೂ ಅಲ್ಲ ಪೂರ್ತಿ ಬಲಿತದ್ದೂ ಅಲ್ಲ ಅಂಥ ಟೊಂಗಿ, ಒಂದು ಗೇಣು ಉದ್ದ, ಗಿಣ್ಣಿನ ಕೆಳಗ ಕತ್ತರಿಸಿ, ತುದಿಯಾಗ ಎರಡ್ಮೂರು ಎಲೆ ಬಿಟ್ಟು ಉಳಿದದ್ದು ತೆಗೆದು, ಮರಳು ಜಾಸ್ತಿ ಇರೋ ಪಾಕೀಟಿನಾಗ ಹಚ್ಚಿ ನೆರಳಾಗ ಇಡ್ರಿ. ಒಂದೂವರೆ ತಿಂಗಳು ಕೈ ಹಚ್ಚಬ್ಯಾಡ್ರಿ. ದಿನಾ ಕಿತ್ತು ಬೇರು ಬಂತೇನು ಅಂತ ನೋಡೋರ ಕಡ್ಡಿ ಹತ್ತಂಗಿಲ್ಲ.

ರಾಯಚೂರು ಅಕ್ಕ: ನಮ್ಮ ಕಣಗಿಲೆ ಎಳೆ ತುದಿಗೆ ಹಳದಿ ಹೇನು ತುಂಬ್ಯಾವ, ಏನು ಹೊಡೀಬೇಕು?

ಯಲಬುರ್ಗಾ ಸದಸ್ಯ: ಕಡ್ಡಿ ಯಾವಾಗ ಹಚ್ಚಬೇಕ್ರಿ?

ನರ್ಸರಿ ಅಣ್ಣ: ಮ್ಯಾಲೆ ಓದ್ರಿ.

ಕಂಪ್ಲಿ ಸದಸ್ಯ: ಫಾರ್ವರ್ಡ್ ಬಂದೈತೆ. ಕಡ್ಡೀನ ಆಲೂಗಡ್ಡೆಗೆ ಚುಚ್ಚಿ, ಜೇನುತುಪ್ಪ ಹಚ್ಚಿ ನೆಟ್ರೆ ಏಳು ದಿನದಾಗ ಬೇರು. ಇನ್ನೊಂದು, ಕಣಗಿಲೆ ಎಲೆ ಕಷಾಯ ಶುಗರ್‌ಗೆ ರಾಮಬಾಣ.

ನರ್ಸರಿ ಅಣ್ಣ: ಆಲೂಗಡ್ಡಿ ಪಲ್ಯಾ ಮಾಡ್ಕೊಂಡು ತಿನ್ರಿ. ಎರಡನೇದು ಈಗ ಡಿಲೀಟ್ ಮಾಡ್ರಿ. ಕಣಗಿಲೆ ವಿಷ ಹೃದಯಕ್ಕ ಹೊಡೀತೈತಿ, ಬಡಿತ ತಪ್ಪಿಸ್ತೈತಿ. ಕುದಿಸಿದ್ರ ಹೋಗಂಗಿಲ್ಲ. ಯಾರ ಮನ್ಯಾಗ ಯಾರು ಕುಡೀತಾರ ಗೊತ್ತೇನ್ರಿ ನಿಮಗ?

ಕಂಪ್ಲಿ ಸದಸ್ಯ: ಬಂದಿದ್ದು ಹಾಕಿದೀನಿ, ಸಿಟ್ಟಾಗ್ತೀರಲ್ಲ. ಆಯುರ್ವೇದದಾಗೂ ಐತೆ.

ಲಿಂಗಸುಗೂರು ಮೇಷ್ಟ್ರು: ಆಯುರ್ವೇದದಾಗ ಉಪವಿಷ ಅಂತ ಹೇಳ್ಯಾರ, ಶೋಧನ, ಅಂದ್ರ ವಿಷ ತಗ್ಗಿಸೋ ಶುದ್ಧಿ, ಮಾಡದ ಬಳಸಂಗಿಲ್ಲ. ಅರ್ಧ ಓದಿ ಹಾಕಬ್ಯಾಡ್ರಿ.

ಕುಷ್ಟಗಿ ತಮ್ಮ: ಅಣ್ಣಾರ, ಆಡಿನ ದೊಡ್ಡಿ ಸುತ್ತ ಕಣಗಿಲೆ ಬೇಲಿ ಮಾಡ್ಬೇಕಂತ ಇಪ್ಪತ್ತು ಕಡ್ಡಿ ತಂದು ಖಾಲಿ ಕೂಲ್‌ಡ್ರಿಂಕ್ಸ್ ಬಾಟ್ಲಿ ನೀರಾಗ ಇಟ್ಟೀನಿ. ಅಡಗಿ ಮನಿ ಕಿಟಕ್ಯಾಗ ಅದಾವ. ಆಡು ತಿನ್ನಂಗಿಲ್ಲ ಅಂತಾರಲ್ಲ, ಅದಕ್ಕ ಚೊಲೊ ಬೇಲಿ.

ನರ್ಸರಿ ಅಣ್ಣ: ತಮ್ಮಾ, ಮೊದಲ ಆ ಬಾಟ್ಲಿ ಅಡಗಿ ಮನಿಯಿಂದ ತೆಗಿ. ಆ ನೀರಿಗೂ ವಿಷ ಇಳಿದಿರ್ತೈತಿ, ಹುಡುಗರು ಬ್ಯಾಸಗ್ಯಾಗ ಬಾಟ್ಲಿ ಕಂಡ್ರ ಎತ್ತಿ ಕುಡೀತಾವ. ಇನ್ನು ಆಡು ತಿನ್ನಂಗಿಲ್ಲ ಅನ್ನೋದು ಅರ್ಧ ಸತ್ಯ. ಹಸಿ ಎಲೆ ಕಹಿ, ಹೊಟ್ಟಿ ತುಂಬಿದ ಆಡು ಮುಟ್ಟಂಗಿಲ್ಲ. ಕತ್ತರಿಸಿ ಒಗೆದ ಟೊಂಗಿ ಬಾಡಿ ಒಣಗಿ ಮೇವಿನಾಗ ಬೆರೀತು ಅಂದ್ರ ಗುರುತು ಸಿಗಂಗಿಲ್ಲ, ವಿಷ ಮಾತ್ರ ಹಂಗ ಇರ್ತೈತಿ. ನಾನ ಕಣ್ಣಾರೆ ನೋಡೀನಿ, ಒಬ್ರು ಹಬ್ಬಕ್ಕಂತ ಅಂಗಳದ ಗಿಡ ಸವರಿ ಟೊಂಗಿ ತಿಪ್ಪಿಗೆ ಒಗೆದಿದ್ರು, ಆಮ್ಯಾಲೆ ಎಮ್ಮಿ ಬಿತ್ತು, ಏನಾತು ಅಂತ ತಿಳಿಯೋದ್ರಾಗ ಮುಗಿದಿತ್ತು. ಎಮ್ಮಿಗೇ ಹತ್ತಿಪ್ಪತ್ತು ಎಲೆ ಸಾಕು, ಆಡಿಗೆ ಅಷ್ಟೂ ಬ್ಯಾಡ. ಬೇಲಿ ಅಂದ ಮ್ಯಾಲೆ ವರ್ಷಾ ಸವರಬೇಕು, ಸವರಿದ್ದು ದೊಡ್ಡಿ ಒಳಗೇ ಬೀಳ್ತೈತಿ. ಸುಡಾಕೂ ಬ್ಯಾಡ, ಹೊಗಿ ಕೆಟ್ಟದ್ದು. ದೂರ ಕುಣಿ ತೋಡಿ ಹುಗಿ, ಕೈ ಸಾಬೂನಿಂದ ತೊಳಕೊ. ದೊಡ್ಡಿಗೆ ಕಳ್ಳಿಸಾಲು ಇಲ್ಲಂದ್ರ ತಂತಿ ಹಾಕು. ನಾನು ಕಣಗಿಲೆ ಮಾರೋನೇ ಹೇಳಾಕತ್ತೀನಿ.

ಬಳ್ಳಾರಿ ಸದಸ್ಯರು: ಹಂಗಿದ್ರೆ ಊರಾಗಿರೋ ಎಲ್ಲಾ ಗನ್ನೇರೂ ಕಡೀಬೇಕು.

ಲಿಂಗಸುಗೂರು ಮೇಷ್ಟ್ರು: ಶಿವನ ಪೂಜೆಗೆ ಏರಿಸೋ ಹೂ ಅದು. ನಿಮ್ಮಜ್ಜಿ ಇದನ್ನ ಹೇಳಿರಲಿಲ್ಲೇನು?

ಬಳ್ಳಾರಿ ಸದಸ್ಯರು: ಅಜ್ಜಿ ವಿಷಯಕ್ಕೆ ಬರ್ಬೇಡಿ.

ರಾಯಚೂರು ಅಕ್ಕ: ಹೇನಿಗೆ ಯಾರೂ ಹೇಳಲಿಲ್ಲ.

ಯಲಬುರ್ಗಾ ಸದಸ್ಯ: ಗಿಡ ದೊಡ್ಡದಾಗೈತಿ, ಹೂ ಬಿಡವಲ್ದು.

ನರ್ಸರಿ ಅಣ್ಣ: ನೆರಳಾಗ ಇರಬೇಕು. ಬಿಸಿಲು, ಕತ್ತರಿ. ಹೊಸಾ ಚಿಗುರಿಗೆ ಹೂ ಬರ್ತೈತಿ.

ಕುಷ್ಟಗಿ ತಮ್ಮ: ಅಣ್ಣಾರ, ಮೊದಲ ಹೇಳಲಿಲ್ಲ. ನಿನ್ನೆ ಕಡ್ಡಿ ಮಾಡುವಾಗ ತೆಗೆದ ಎಲೆ ದೊಡ್ಡಿ ಹಿಂದ ಒಗೆದಿದ್ದೆ. ಒಂದು ಹೋತ ಮುಂಜಾನಿಂದ ಮೇವು ಮುಟ್ಟಿಲ್ಲ, ಜೊಲ್ಲು ಸುರಿಸ್ತೈತಿ.

ಕಂಪ್ಲಿ ಸದಸ್ಯ: ಹುಣಸೆಹಣ್ಣಿನ ನೀರು ಕುಡಿಸಿ, ವಿಷ ಇಳೀತೈತೆ.

ನರ್ಸರಿ ಅಣ್ಣ: ಕಂಪ್ಲಿಯವರು ಬಾಯಿ ಮುಚ್ರಿ ಸ್ವಲ್ಪ. ತಮ್ಮಾ, ಏನೂ ಕುಡಿಸಬ್ಯಾಡ. 1962ಕ್ಕ ಫೋನ್ ಹಚ್ಚು, ಪಶು ಆಂಬುಲೆನ್ಸ್ ನಂಬರು ಅದು, ಕಣಗಿಲೆ ತಿಂದಿರಬೇಕು ಅಂತ ಮೊದಲ ಮಾತಿಗೇ ಹೇಳು. ಹೋತಾನ ಓಡಿಸಬ್ಯಾಡ, ನೆರಳಾಗ ಸುಮ್ನ ನಿಲ್ಲಿಸು. ಉಳಿದ ಆಡು ಬ್ಯಾರೆ ಕಡೆ ಕಟ್ಟಿ, ಬಿದ್ದ ಎಲೆ ಪೂರ್ತಿ ಆರಿಸು, ಡಾಕ್ಟರಿಗೆ ತೋರಿಸಾಕ ಎರಡು ಇಟ್ಕೊ.

ಲಿಂಗಸುಗೂರು ಮೇಷ್ಟ್ರು: ಬಳ್ಳಾರಿಯವರ, ನಾನು ಅಜ್ಜಿಗೆ ಅಗೌರವ ಮಾಡಿಲ್ಲ.

ಮಾನ್ವಿ ಅಕ್ಕ: ಎಲೆ ಫೋಟೊ ಹಾಕೀನಿ ನೋಡ್ರಿ ಅಣ್ಣಾರ.

ನರ್ಸರಿ ಅಣ್ಣ: ಆಮ್ಯಾಲೆ. ಕುಷ್ಟಗಿ ತಮ್ಮಾ, ಫೋನ್ ಹತ್ತಿತೇನು?