ಮನೋವೈದ್ಯರನ್ನು ಕೇಳಿ: ಕೆಲಸ ಮಾಡಿ ಮಾಡಿ ಸಾಕಾಗಿ ಹೋದವರ ಪ್ರಶ್ನೆಗಳು (ಕೋಲಾರ ಜಿಲ್ಲೆ ಬಳಗ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಮನೋವೈದ್ಯರಾಗಿರುವ ಮೇಡಂ ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ಕೆಲಸ, ಮನೆ, ಸಾಲ ಅಂತ ಓಡಿ ಓಡಿ ಬಸವಳಿದವರು ಕೇಳಬಹುದು. ಈಗ ಎಲ್ಲರೂ ಬರ್ನೌಟ್ ಅನ್ನುತ್ತಾರಲ್ಲ, ಅದೇ ವಿಷಯ. ಹೆಸರು ಬೇಡ. ಊರು, ಕೆಲಸ ಬರೆದರೆ ಸಾಕು. ಫಾರ್ವರ್ಡ್ ಮಾತ್ರ ದಯವಿಟ್ಟು ಹಾಕಬೇಡಿ.

ಬಂಗಾರಪೇಟೆ, ಸಾಫ್ಟ್‌ವೇರ್: ನಮಸ್ತೆ ಮೇಡಂ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಕತ್ತಲಲ್ಲಿ ಮನೆ ಬಿಟ್ಟರೆ ಮಗು ಮಲಗಿದ ಮೇಲೆ ವಾಪಸ್. ಭಾನುವಾರ ಪೂರ್ತಿ ಮಲಗಿದರೂ ಸೋಮವಾರ ಅದೇ ಸುಸ್ತು. ಇಷ್ಟಪಟ್ಟು ಸೇರಿದ ಕೆಲಸ, ಈಗ ಮೇಲ್ ತೆರೆದರೆ ಸಿಟ್ಟು ಬರುತ್ತದೆ. ಇದು ಬರ್ನೌಟಾ, ಡಿಪ್ರೆಶನ್ನಾ?

ಡಾಕ್ಟರ್: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಅನ್ನುವ ಕಾಯಿಲೆಗಳ ಪಟ್ಟಿಯಲ್ಲಿ ಬರ್ನೌಟ್ ಇದೆ. ಆದರೆ ಅಲ್ಲಿ ಅದನ್ನು ಕಾಯಿಲೆ ಅಂದಿಲ್ಲ, ಕೆಲಸದ ಒತ್ತಡದಿಂದ ಆಗುವ ಸ್ಥಿತಿ ಅಂದಿದ್ದಾರೆ. ಗುರುತು ಮೂರು: ಮೈಯಲ್ಲಿ ಶಕ್ತಿಯೇ ಇಲ್ಲದಂತಾಗುವುದು, ಕೆಲಸದ ಮೇಲೆ ಕಹಿ ಬಂದು ದೂರ ಆಗುವುದು, ಮಾಡಿದ್ದು ಯಾವುದೂ ಸರಿ ಆಗುತ್ತಿಲ್ಲ ಅನ್ನಿಸುವುದು. ನಿಮ್ಮ ಮಾತಿನಲ್ಲಿ ಮೊದಲ ಎರಡು ಕಾಣುತ್ತಿವೆ.

ಒಂದು ಕೇಳಿಕೊಳ್ಳಿ. ರಜೆ ದಿನ ಮಗು ಆಟಕ್ಕೆ ಕರೆದಾಗ ಖುಷಿ ಆಗುತ್ತದಾ? ಊಟ ರುಚಿಸುತ್ತದಾ? ಹೌದು ಅಂದರೆ ತೊಂದರೆ ಹೆಚ್ಚಾಗಿ ಕೆಲಸದಲ್ಲೇ ಇದೆ. ಊರಹಬ್ಬಕ್ಕೆ ಹೋದರೂ ಮನಸ್ಸು ಬಾರದೆ, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗಿ, ನಾನು ಯಾರಿಗೂ ಬೇಡ ಅನ್ನಿಸುವುದು ಎರಡು ವಾರ ದಾಟಿದರೆ ಅದು ಡಿಪ್ರೆಶನ್ ಇರಬಹುದು. ಎರಡೂ ಒಟ್ಟಿಗೆ ಇರುವವರೂ ಬಹಳ. ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12. ಥೈರಾಯ್ಡ್ ಕಡಿಮೆ ಇದ್ದರೂ ಇದೇ ಥರ ಸುಸ್ತು.

ಮಾಲೂರು, ಫ್ಯಾಕ್ಟರಿ: ಮೇಡಂ, ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ. ನೈಟ್ ಶಿಫ್ಟ್ ವಾರ ಹಗಲು ನಿದ್ದೆ ಬರಲ್ಲ. ಮನೆಯವರ ಮೇಲೆ ರೇಗುತ್ತೇನೆ.

ಡಾಕ್ಟರ್: ರಾತ್ರಿಯ ಎರಡನೇ ಅರ್ಧದಲ್ಲಿ ಟೀ ಬೇಡ. ಬೆಳಿಗ್ಗೆ ಬಿಸಿಲು ಕಣ್ಣಿಗೆ ಬೀಳದಂತೆ ಕಪ್ಪು ಕನ್ನಡಕ ಹಾಕಿ ಮನೆಗೆ ಬನ್ನಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡಿ ಮಲಗಿ. ಶಿಫ್ಟಿಗೆ ಹೋಗುವ ಮುಂಚೆ ಸ್ವಲ್ಪ ಹೊತ್ತು ಮಲಗಿದರೆ ಇನ್ನೂ ಒಳ್ಳೆಯದು. ತೂಕಡಿಕೆ ಇದ್ದರೆ ಹೈವೇಯಲ್ಲಿ ಬೈಕ್ ಹತ್ತಬೇಡಿ. ಇದು ಎಲ್ಲಕ್ಕಿಂತ ಮುಖ್ಯ.

ಕೆಜಿಎಫ್, ನಿವೃತ್ತರು: 🙏 ಮನಸ್ಸಿನ ಸುಸ್ತಿಗೆ ರಾಮಬಾಣ!! ರಾತ್ರಿ ಹಾಲಿಗೆ ಒಂದು ಚಮಚ ಅಶ್ವಗಂಧ, ಒಂದು ಚಮಚ ಜಾಯಿಕಾಯಿ ಪುಡಿ. 21 ದಿನದಲ್ಲಿ ಎಲ್ಲಾ ಇಂಗ್ಲಿಷ್ ಮಾತ್ರೆ ಬಿಡಬಹುದು. ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ಡಾಕ್ಟರ್: ಸರ್, ಇದನ್ನು ಯಾರೂ ಮಾಡಬೇಡಿ. ಜಾಯಿಕಾಯಿ ಅಡುಗೆಗೆ ಚಿಟಿಕೆ ಹಾಕುವ ಸಾಮಾನು. ಚಮಚಗಟ್ಟಲೆ ಕುಡಿದರೆ ಎದೆ ಬಡಿತ ಏರುತ್ತದೆ, ವಾಂತಿ ಆಗುತ್ತದೆ, ಇಲ್ಲದ್ದು ಕಾಣಿಸುತ್ತದೆ. ಅಶ್ವಗಂಧ ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಲೆಕ್ಕ ತಪ್ಪಿಸಬಹುದು. ಇದಕ್ಕಿಂತ ಅಪಾಯ ಆ 'ಮಾತ್ರೆ ಬಿಡಬಹುದು' ಅನ್ನುವ ಸಾಲು. ಡಿಪ್ರೆಶನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತು, ನಡುಕ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತದೆ, ಕಾಯಿಲೆಯೂ ವಾಪಸ್ ಬರಬಹುದು. ಇಂಥ ಮೆಸೇಜ್ ನಂಬಿ ಮಾತ್ರೆ ಬಿಟ್ಟು ನರಳುತ್ತಾ ಬರುವವರನ್ನು ನಾನು ನೋಡುತ್ತಿರುತ್ತೇನೆ. ಅವರ ಮನೆಯವರ ಮುಖ ನೋಡಿದರೆ ನಿಮಗೂ ಕಳಿಸಲು ಮನಸ್ಸು ಬರುವುದಿಲ್ಲ.

ಶ್ರೀನಿವಾಸಪುರ, ಶಿಕ್ಷಕಿ: ಮೇಡಂ, ಪಾಠ ಮಾಡೋದು ಬಿಟ್ಟು ಮಿಕ್ಕಿದ್ದೇ ಜಾಸ್ತಿ ಆಗಿದೆ. ಸರ್ವೆ, ಆ್ಯಪ್‌ಗೆ ಮಾಹಿತಿ ತುಂಬೋದು, ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ 'ಅರ್ಜೆಂಟ್' ಅಂತ ಮೆಸೇಜ್. ಮನೆಯಲ್ಲಿ ಅತ್ತೆಗೆ ಮರೆವಿನ ಕಾಯಿಲೆ, ರಾತ್ರಿ ಎದ್ದು ಬಾಗಿಲು ತೆಗೆದು ಹೊರಡುತ್ತಾರೆ. ಯಾರ ಹತ್ತಿರವೂ ಇಲ್ಲ ಅನ್ನೋಕೆ ಬರಲ್ಲ. ಧ್ಯಾನ ಮಾಡಿದರೆ ಸರಿ ಹೋಗುತ್ತದಾ?

ಡಾಕ್ಟರ್: ಧ್ಯಾನ ಮಾಡಿ, ಒಳ್ಳೆಯದೇ. ಆದರೆ ಹೊರೆ ಇಳಿಯದೆ ಬರೀ ಧ್ಯಾನದಿಂದ ಇದು ವಾಸಿ ಆಗಲ್ಲ. ಒಂದು ವಾರ ರಜೆ ಹಾಕಿ ತಿರುಪತಿಗೆ ಹೋಗಿ ಬಂದರೂ ಅಷ್ಟೇ, ವಾಪಸ್ ಬಂದಾಗ ಅದೇ ಕೆಲಸ ಕಾಯುತ್ತಿರುತ್ತದೆ. ಏನಾದರೂ ಒಂದು ಬೇರೆಯವರ ಕೈಗೆ ಹೋಗಲೇಬೇಕು. ನಿಮ್ಮ ವಿಷಯದಲ್ಲಿ ಅದು ಅತ್ತೆಯ ರಾತ್ರಿ ಪಾಳಿ. ವಾರದಲ್ಲಿ ಮೂರು ರಾತ್ರಿ ಯಜಮಾನರೋ ನಾದಿನಿಯೋ ಎದ್ದು ನೋಡಿಕೊಳ್ಳಲಿ. ಬಾಗಿಲ ಮೇಲ್ಗಡೆ ಅವರ ಕೈಗೆ ಸಿಗದ ಚಿಲಕ ಹಾಕಿಸಿ, ಒಂದು ಸಣ್ಣ ಗಂಟೆ ಕಟ್ಟಿ. ಕೇಳೋಕೆ ಸಂಕೋಚ ಅಂದರೆ ಮನೆಯವರನ್ನು ನನ್ನ ಹತ್ತಿರ ಕರೆದುಕೊಂಡು ಬನ್ನಿ, ನಾನೇ ಹೇಳುತ್ತೇನೆ. ಮುಖ್ಯೋಪಾಧ್ಯಾಯರ ಹತ್ತಿರ ಬಾಯಲ್ಲಿ ಹೇಳಬೇಡಿ. ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಗುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆದು ಮುಂದಿಡಿ.

ಚಿಂತಾಮಣಿ, ಅಂಗಡಿ: ಮೇಡಂ ಮಾತ್ರೆ ತಗೊಂಡರೆ ಅಭ್ಯಾಸ ಆಗಿಬಿಡುತ್ತಾ?

ಡಾಕ್ಟರ್: ಡಿಪ್ರೆಶನ್ ಮಾತ್ರೆ ಚಟ ಹಿಡಿಸಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಚೆನ್ನಾಗಿ ಆದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ಅಭ್ಯಾಸ ಆಗುವುದು ಆಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆ. ಅದನ್ನು ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ತಗೊಳ್ಳಬೇಡಿ. ಈಗಾಗಲೇ ತಗೊಳ್ಳುತ್ತಿದ್ದರೆ ದಿಢೀರ್ ಅಂತ ನಿಲ್ಲಿಸಲೂ ಬೇಡಿ, ಫಿಟ್ಸ್ ಬರಬಹುದು.

ಮುಳಬಾಗಿಲು ಕಡೆ ಹಳ್ಳಿ: ಮೇಡಂ, ಅಣ್ಣನ ವಿಷಯ. ಟೊಮೆಟೊ ಹಾಕಿದ್ದ. 15 ಕೆಜಿ ಬಾಕ್ಸಿಗೆ ಮಂಡಿಯಲ್ಲಿ ಸಿಕ್ಕಿದ್ದು ಕೀಳೋ ಕೂಲಿಗೂ ಸಾಲಲಿಲ್ಲ, ಉಳಿದಿದ್ದನ್ನು ಗಿಡದಲ್ಲೇ ಬಿಟ್ಟ. ಬೋರ್‌ವೆಲ್ ಸಾಲ ಬೇರೆ. ಎರಡು ತಿಂಗಳು ಯಾರ ಜೊತೆಗೂ ಮಾತಿಲ್ಲ, ಕುಡಿತ ಜಾಸ್ತಿ, ರಾತ್ರಿ ತೋಟದಲ್ಲೇ ಕೂತಿರುತ್ತಿದ್ದ. ಈಗ ಒಂದು ವಾರದಿಂದ ಪೂರ್ತಿ ಸಮಾಧಾನ. ನಗುತ್ತಾ ಮಾತಾಡುತ್ತಾನೆ. ಬೈಕ್ ನೀನೇ ಇಟ್ಟುಕೋ ಅಂತ ಕೀ ಕೊಟ್ಟ. ಅತ್ತಿಗೆಗೆ ಪಾಸ್‌ಬುಕ್, ಇನ್ಶೂರೆನ್ಸ್ ಕಾಗದ ಎಲ್ಲಿದೆ ಅಂತ ತೋರಿಸಿದ. ಬರ್ನೌಟ್ ತಾನಾಗೇ ವಾಸಿ ಆಯಿತು ಅಂತ ಅನ್ನಿಸುತ್ತದೆ. ಇನ್ನೂ ಡಾಕ್ಟರ್ ಹತ್ತಿರ ಹೋಗಬೇಕಾ?

ಡಾಕ್ಟರ್: ತಮ್ಮಾ, ಇದನ್ನು ಪೂರ್ತಿ ಓದಿ. ಮಿಕ್ಕವರು ಐದು ನಿಮಿಷ ಏನೂ ಹಾಕಬೇಡಿ.

ಇದು ವಾಸಿ ಆದ ಲಕ್ಷಣ ಅಂತ ನಾನು ಒಪ್ಪಲ್ಲ. ಸಾಲ ಹಾಗೇ ಇದೆ, ಬೆಳೆ ಹೋಗಿದೆ, ಯಾವುದೂ ಬದಲಾಗಿಲ್ಲ. ಆದರೂ ಮನುಷ್ಯ ಒಮ್ಮೆಲೇ ಸಮಾಧಾನ ಆಗಿ, ತನ್ನ ವಸ್ತು ಕೊಟ್ಟು, ಕಾಗದ ಪತ್ರ ತೋರಿಸುತ್ತಿದ್ದಾನೆ ಅಂದರೆ ಮನಸ್ಸಿನಲ್ಲಿ ಏನೋ ತೀರ್ಮಾನ ಮಾಡಿಕೊಂಡಿರಬಹುದು. ಆ ತೀರ್ಮಾನ ಸಾಯುವುದು ಆಗಿರಬಹುದು. ನನ್ನ ಊಹೆ ತಪ್ಪಾದರೆ ಸಂತೋಷ. ಆದರೆ ಸರಿ ಇದೆ ಅಂತಲೇ ಇಟ್ಟುಕೊಂಡು ಇವತ್ತು ನಡೆದುಕೊಳ್ಳಿ.

ಈಗಲೇ ಅಣ್ಣನ ಹತ್ತಿರ ಹೋಗಿ. ಅವರನ್ನು ಒಬ್ಬರೇ ಬಿಡಬೇಡಿ, ರಾತ್ರಿ ತೋಟಕ್ಕೆ ಹೋಗುತ್ತೇನೆ ಅಂದರೆ ನೀವೂ ಹೋಗಿ. ಮನೆಯಲ್ಲಿ, ಪಂಪ್‌ಸೆಟ್ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಏನೇನಿದೆಯೋ ಅಷ್ಟನ್ನೂ ಅವರಿಗೆ ಗೊತ್ತಾಗದ ಹಾಗೆ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ. ಅರ್ಧ ಉಳಿದ ಡಬ್ಬಿಯೂ ಬೇಡ. ಸಾಯಬೇಕು ಅನ್ನುವ ತೀವ್ರತೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಇವತ್ತು ಕುಡಿಯಲೂ ಬಿಡಬೇಡಿ, ಕುಡಿದಾಗ ಯೋಚನೆ ಮಾಡುವ ಶಕ್ತಿ ಇರಲ್ಲ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿ ಕೈ ನಡುಗಿದರೆ, ಫಿಟ್ಸ್ ಬಂದರೆ ಆಸ್ಪತ್ರೆಗೇ ಕರೆತನ್ನಿ.

ನೇರವಾಗಿ ಕೇಳಿ. 'ಅಣ್ಣಾ, ಸಾಯಬೇಕು ಅನ್ನಿಸುತ್ತಿದೆಯಾ?' ಅಂತ, ಇದೇ ಮಾತಿನಲ್ಲಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಹೆದರುತ್ತಾರೆ. ಹಾಗೆ ಆಗಲ್ಲ. ಯಾರಾದರೂ ಕೇಳಲಿ ಅಂತ ಎಷ್ಟೋ ಜನ ಕಾಯುತ್ತಿರುತ್ತಾರೆ. ಹೌದು ಅಂದರೆ ಬೈಯಬೇಡಿ, ಹೆಂಡತಿ ಮಕ್ಕಳನ್ನು ನೋಡು ಅಂತ ಬುದ್ಧಿ ಹೇಳಬೇಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಸಾಲದ ಲೆಕ್ಕ ಇವತ್ತು ಬೇಡ.

ಆಮೇಲೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಏನಾದರೂ ಮಾಡಿಕೊಂಡರೆ ಅಥವಾ ಈಗಲೇ ಮಾಡಿಕೊಳ್ಳುತ್ತಾರೆ ಅನ್ನಿಸಿದರೆ ಕಾಯಬೇಡಿ, 108. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ನನ್ನ ನಂಬರ್ ಅಡ್ಮಿನ್ ಹತ್ತಿರ ಇದೆ. ಇದನ್ನು ಓದಿದ ತಕ್ಷಣ ಕರೆ ಮಾಡಿ.

ಮುಳಬಾಗಿಲು ಕಡೆ ಹಳ್ಳಿ: ಮೇಡಂ ಕೈ ಕಾಲು ಆಡುತ್ತಿಲ್ಲ. ಮನೆಗೆ ಹೊರಟೆ.

ಕೋಲಾರ, ಆಶಾ ಕಾರ್ಯಕರ್ತೆ: ತಮ್ಮಾ ಧೈರ್ಯವಾಗಿರು. ಮೇಡಂ, ನಮ್ಮ ಹಳ್ಳಿಗಳಲ್ಲಿ ಇಂಥವರನ್ನು ನಾವೇ ಮೊದಲು ನೋಡೋದು. ನಮಗೇ ಸಾಕಾಗಿ ಹೋಗಿದ್ದರೆ ನಾವು ಎಲ್ಲಿಗೆ ಹೋಗಬೇಕು?

ಕೆಜಿಎಫ್, ನಿವೃತ್ತರು: ಈಗಿನವರಿಗೆ ಎಲ್ಲಾ ಕಾಯಿಲೆನೇ. ನಮ್ಮ ತಂದೆ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ ನೆಲದ ಕೆಳಗೆ ಇಳಿದು ಕೆಲಸ ಮಾಡಿದವರು. ಅವರಿಗೆ ಬರ್ನೌಟ್ ಇತ್ತಾ? ಎಸಿ ರೂಮಿನಲ್ಲಿ ಕೂತವರಿಗೆ ಬರುತ್ತದೆ.

ಬಂಗಾರಪೇಟೆ, ಸಾಫ್ಟ್‌ವೇರ್: ಸರ್, ನನ್ನ ತಾತನೂ ಗಣಿಯಲ್ಲೇ ಇದ್ದವರು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಸಾರಾಯಿ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಅಜ್ಜಿ ಎಷ್ಟು ಏಟು ತಿಂದಿದ್ದಾರೋ. ಅವರಿಗೇನೂ ಆಗಿರಲಿಲ್ಲ ಅಂತ ಹೇಳಬೇಡಿ. ಕೇಳುವವರು ಇರಲಿಲ್ಲ ಅಷ್ಟೇ.

ಕೆಜಿಎಫ್, ನಿವೃತ್ತರು: ನಿಮ್ಮ ಮನೆ ಕಥೆ ಎಲ್ಲರ ಮನೆಗೂ ಹಚ್ಚಬೇಡಪ್ಪ. ಗೌರವ ಇಟ್ಟುಕೊಂಡು ಮಾತಾಡು.

ರಾಬರ್ಟ್‌ಸನ್‌ಪೇಟೆ, ವಿದ್ಯಾರ್ಥಿನಿ: ಅಂಕಲ್, 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಬೀದಿಯಲ್ಲಿ ಎಷ್ಟು ಜನ ಕುಡಿತಕ್ಕೆ ಬಿದ್ದರು ಅಂತ ನಮ್ಮ ಅಮ್ಮ ಈಗಲೂ ಹೇಳುತ್ತಾರೆ. ಅದು ಕಾಯಿಲೆ ಅಲ್ವಾ?

ಮಾಲೂರು, ಫ್ಯಾಕ್ಟರಿ: ಒಬ್ಬರ ಜೀವದ ಪ್ರಶ್ನೆ ನಡೆಯುತ್ತಿದೆ. ಇಲ್ಲಿ ಜಗಳ ಬೇಕಾ?

ಕೆಜಿಎಫ್, ನಿವೃತ್ತರು: ಜಗಳ ಶುರು ಮಾಡಿದ್ದು ನಾನಲ್ಲ. ಹಿರಿಯರು ಒಂದು ಮಾತು ಹೇಳಿದರೆ ಎಲ್ಲರೂ ಮೇಲೆ ಬೀಳುತ್ತೀರ.

ಕೋಲಾರ, ಕಾಲೇಜು ಉಪನ್ಯಾಸಕ: ಮೇಡಂ, ಮಾತ್ರೆ ತಗೊಂಡರೆ ಅಡಿಕ್ಷನ್ ಆಗುತ್ತದೆ ಅನ್ನುತ್ತಾರೆ, ನಿಜವಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಶಿಡ್ಲಘಟ್ಟ, ರೇಷ್ಮೆ: ಯಜಮಾನರು ಬರ್ನೌಟ್ ಅಂತ ಕೆಲಸ ಬಿಟ್ಟು ವರ್ಷ ಆಯಿತು ಮೇಡಂ. ಇಡೀ ದಿನ ಮೊಬೈಲ್. ಏನಾದರೂ ಹೇಳಿದರೆ ನಿನಗೆ ಅರ್ಥ ಆಗಲ್ಲ ಅನ್ನುತ್ತಾರೆ. ಮನೆ ನಡೆಸೋದು ನಾನೊಬ್ಬಳೇ. ಏನು ಮಾಡಲಿ?

ಗೌರಿಬಿದನೂರು, ತಂದೆ: ಮಗ ನೀಟ್‌ಗೆ ಎರಡನೇ ಸಲ ಓದುತ್ತಿದ್ದಾನೆ. ಪುಸ್ತಕ ತೆರೆದರೆ ಅಳು. ಕೌನ್ಸೆಲಿಂಗ್ ಸಾಕಾ?

ಡಾಕ್ಟರ್: ಮುಳಬಾಗಿಲಿನ ತಮ್ಮ ಫೋನ್ ಮಾಡಿದ್ದರು, ಅಣ್ಣನ ಜೊತೆಗೂ ಮಾತಾಡಿದೆ. ಔಷಧಿ ಡಬ್ಬಿಗಳು ಬೇರೆ ಮನೆಗೆ ಹೋಗಿವೆ. ಉಳಿದದ್ದು ಇಲ್ಲಿ ಬರೆಯಲ್ಲ.

ಚಿಂತಾಮಣಿ, ಅಂಗಡಿ: ದೇವರು ದೊಡ್ಡವನು. ಯಾವ ಹಳ್ಳಿ ಮೇಡಂ? ಟೊಮೆಟೊ ವ್ಯಾಪಾರದಲ್ಲಿ ನನಗೆ ಆ ಕಡೆಯವರೆಲ್ಲ ಪರಿಚಯ.

ಡಾಕ್ಟರ್: ಇಂಥ ಪ್ರಶ್ನೆ ಕೇಳಲೇಬಾರದು. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ ಅದೇ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅವರು ನಾಳೆ ಮಂಡಿಗೆ ಬಂದಾಗ ನಾಲ್ಕು ಜನ ತಿರುಗಿ ನೋಡಿದರೆ ಮತ್ತೆ ಮನೆಯಿಂದ ಆಚೆ ಬರಲ್ಲ. ಯಾರೂ ಹುಡುಕಲು ಹೋಗಬೇಡಿ.

ಆಶಾ ಅಕ್ಕ, ನಿಮಗೆ: ನಿಮ್ಮ ಥರದವರು ತಮ್ಮ ಸುಸ್ತನ್ನು ಲೆಕ್ಕಕ್ಕೇ ತಗೊಳ್ಳಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಯುತ್ತದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ. ನೀವು ಕೋಲಾರದವರೇ, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೇ ಬರಬಹುದು. ಬೇರೆಯವರನ್ನು ಕರೆದುಕೊಂಡು ಬಂದ ದಿನ ನೀವೂ ಒಂದು ಚೀಟಿ ಮಾಡಿಸಿ ಕೂತುಕೊಳ್ಳಿ.

ಕೋಲಾರ, ಯುವಕ: ಆನ್‌ಲೈನ್ ಲೈಫ್ ಕೋಚ್ ಒಬ್ಬರು ಮೂರು ದಿನದಲ್ಲಿ ಬರ್ನೌಟ್ ಹೋಗಿಸುತ್ತೇನೆ ಅನ್ನುತ್ತಿದ್ದಾರೆ. ಫೀಸ್ ಕಟ್ಟಲಾ?

ಡಾಕ್ಟರ್: ಬೇಡ. ತಿಂಗಳುಗಟ್ಟಲೆ ಸೇರಿದ ಸುಸ್ತು ಮೂರು ದಿನದಲ್ಲಿ ಹೋಗಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಬೇಕು. ನಂಬರ್ ಕೇಳಿ, ಕೊಡದಿದ್ದರೆ ಬಿಡಿ.

ನರಸಾಪುರ, ಕಂಪನಿ: ಮೇಡಂ ಈ ಮಾತ್ರೆಗಳು ಅಭ್ಯಾಸ...

ಡಾಕ್ಟರ್: ಮೂರನೇ ಸಲ. ಮೇಲೆ ಇದೆ.

ನರಸಾಪುರ, ಕಂಪನಿ: ಕೇಳಿದ್ದು ತಪ್ಪಾ? ಉತ್ತರ ಕೊಡೋಕೆ ಅಂತ ತಾನೇ ಬಂದಿರೋದು.

ಶ್ರೀನಿವಾಸಪುರ, ಶಿಕ್ಷಕಿ: ಅವರು ಇಷ್ಟೊತ್ತು ಯಾರ ಜೊತೆ ಮಾತಾಡುತ್ತಿದ್ದರು ಅಂತ ನೋಡಿ ಮಾತಾಡಿ. ಎರಡು ಸಲ ಮೇಲೆ ಎಳೆದರೆ ಉತ್ತರ ಸಿಗುತ್ತದೆ.

ಕೆಜಿಎಫ್, ನಿವೃತ್ತರು: 🙏 ಜಾಯಿಕಾಯಿ ಬೇಡ ಅಂದರೆ ಇದನ್ನು ನೋಡಿ. ಬ್ರಾಹ್ಮಿ ಎಲೆ ರಸ, ಜೇನುತುಪ್ಪ, ಏಳು ದಿನ...

ಡಾಕ್ಟರ್: ಸರ್, ಸಾಕು. ನಿಮ್ಮ ತಂದೆಯವರ ಮೇಲೆ ನನಗೆ ಗೌರವ ಇದೆ, ಆದರೆ ಇಲ್ಲಿ ಮಾತ್ರೆ ತಗೊಳ್ಳುತ್ತಿರುವ ಜನ ಇದ್ದಾರೆ. ಅವರಲ್ಲಿ ಒಬ್ಬರು ನಿಮ್ಮನ್ನು ನಂಬಿ ನಾಳೆ ನಿಲ್ಲಿಸಿದರೂ ಅದರ ಕಷ್ಟ ಅವರ ಮನೆಗೆ. ಅಡ್ಮಿನ್, ದಯವಿಟ್ಟು ಎರಡೂ ಅಳಿಸಿ.

ಅಡ್ಮಿನ್: ಅಳಿಸಿದ್ದೇನೆ. ಸರ್ ಅವರಿಗೆ ನಾಳೆವರೆಗೆ ಮೆಸೇಜ್ ಹಾಕಲು ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ ಸರ್.

ಡಾಕ್ಟರ್: ಮುಳಬಾಗಿಲಿನಿಂದ ಮತ್ತೆ ಫೋನ್ ಬರುತ್ತಿದೆ. ನಾನು ಹೊರಡುತ್ತೇನೆ. ಗೌರಿಬಿದನೂರಿನವರೇ, ಮಗನನ್ನು ಒಬ್ಬನೇ ಮಾತಾಡಿಸಬೇಕು, ಕರೆದುಕೊಂಡು ಬನ್ನಿ. ಬರುವವರೆಗೆ ರಿಸಲ್ಟ್ ಮಾತು ಎತ್ತಬೇಡಿ.

ಶಿಡ್ಲಘಟ್ಟ, ರೇಷ್ಮೆ: ಮೇಡಂ, ನನ್ನದಕ್ಕೆ ಉತ್ತರ ಬರಲಿಲ್ಲ.

ಅಡ್ಮಿನ್: ಮೇಡಂ ಹೋದರು ಅಕ್ಕ. ನಿಮ್ಮ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ, ಮುಂದಿನ ಸಲ ಮೊದಲು ನಿಮ್ಮದೇ. ಅಲ್ಲಿವರೆಗೆ ನೀವೂ 14416ಕ್ಕೆ ಫೋನ್ ಮಾಡಬಹುದು. ಯಜಮಾನರ ಬಗ್ಗೆ ಮಾತ್ರ ಅಲ್ಲ, ನಿಮ್ಮ ಬಗ್ಗೆಯೂ ಹೇಳಿ.