ಅಪ್‌ಡೇಟ್: ಅಜ್ಜಿಯ ಹಿತ್ತಾಳೆ ಪಾತ್ರೆಗೆ ಕಲಾಯಿ ಆಯ್ತು

ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬಹುದಾ ಎಂದು ಕೇಳಿದ್ದೆ. ಒಳಗಿನ ಕಲಾಯಿ, ಅಂದರೆ ತವರದ ಲೇಪ, ಸವೆದು ಹಳದಿ ಕಾಣುತ್ತಿತ್ತು. ಹುಳಿ ಬಿದ್ದರೆ ಕಿಲುಬು ಬಿಡುತ್ತದೆ, ಮೊದಲು ಕಲಾಯಿ ಹಾಕಿಸಿ ಎಂದು ಸುಮಾರು ಜನ ಹೇಳಿದಿರಿ. ಹಾಗೇ ಮಾಡಿಸಿದೆ, ತುಂಬಾ ಥ್ಯಾಂಕ್ಸ್.

ಕಲಾಯಿಯವರ ಪಕ್ಕದಲ್ಲೇ ಕೂತು ನೋಡಿದೆ. ಇದ್ದಿಲ ಬೆಂಕಿಯಲ್ಲಿ ಪಾತ್ರೆ ಕಾಯಿಸಿದರು. ತವರ ಚೆನ್ನಾಗಿ ಹಿಡಿಯಲೆಂದು ನವಸಾಗರದ ಪುಡಿ (ಒಂದು ಬಗೆಯ ಉಪ್ಪು) ಉದುರಿಸಿದಾಗ ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿದ್ದೇ ತಡ, ಕರಗಿ ಹರಿಯಿತು. ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರು, ಒಳಗೆಲ್ಲ ಬೆಳ್ಳಿ ಹಾಗೆ ಹೊಳಪು! ತವರ 232 ಡಿಗ್ರಿಗೇ ಕರಗುತ್ತದೆ. ಅದಕ್ಕೇ ಖಾಲಿ ಪಾತ್ರೆಯನ್ನು ಒಲೆ ಮೇಲೆ ಇಡಬಾರದು. ಕಲಾಯಿ ಗೀಚಿ ಹೋಗದಂತೆ ಸೌಟೂ ಮರದ್ದೇ ಇರಲಿ.

ಹೊರಗೆ ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಹತ್ತಿರ ಅಜ್ಜಿಯ ಹೆಸರು ಕಾಣಿಸಿತು. ಚುಕ್ಕಿ ಚುಕ್ಕಿಯಾಗಿ ಕೊರೆದದ್ದು, ಕೊನೆಯ ಅಕ್ಷರ ಸ್ವಲ್ಪ ಸೊಟ್ಟ. ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಅತ್ತೇಬಿಟ್ಟರು. ಅಜ್ಜಿಯ ಅಪ್ಪ ಮದುವೆಗೆ ಕೊಟ್ಟದ್ದಂತೆ. ಅಮ್ಮನಿಗೂ ಇದು ಗೊತ್ತಿರಲಿಲ್ಲ.

ಮೊದಲು ಹೆಸರುಬೇಳೆ ಪಾಯಸ ಮಾಡಿದೆವು. ಈಗ ಮಗಳು ತನ್ನ ಹೆಸರನ್ನೂ ಬರೆಸು ಅಂತಿದ್ದಾಳೆ. ಮಷೀನಿನಲ್ಲಿ ಬೇಡ, ಕೈಯಲ್ಲೇ ಉಳಿಯಿಂದ ಚುಕ್ಕಿ ಹೊಡೆಯುವವರು ಮೈಸೂರಿನಲ್ಲಿ ಇದ್ದರೆ ತಿಳಿಸ್ತೀರಾ?